ಬೆಳೆ ಕಾಯುವ ಬಂದೂಕುಗಳಿಗೆ ಗೇಜಿನ ಪರೀಕ್ಷೆ ಬೇಕು

ಮಾನ್ಯ ಸಂಪಾದಕರೆ,

ಖಾನಾಪುರ ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಕಬ್ಬು ಮತ್ತು ಭತ್ತಕ್ಕೆ ಕಾಡುಹಂದಿಗಳ ಕಾಟ ಹೆಚ್ಚಿರುವ ಬಗ್ಗೆ, ಬೆಳೆ ರಕ್ಷಣೆಯ ಬಂದೂಕು ಪರವಾನಗಿಗಾಗಿ ರೈತರು ಕಚೇರಿಗಳಿಗೆ ಅಲೆಯುತ್ತಿರುವ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಆಗಾಗ ವರದಿಗಳು ಬರುತ್ತಿವೆ. ಪರವಾನಗಿ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ಚರ್ಚೆ ಸಾಕಷ್ಟು ನಡೆದಿದೆ. ಆದರೆ ಪರವಾನಗಿ ಇರುವ ಆ ಬಂದೂಕು ಹಾರಿಸುವವನ ಮುಖದ ಮೇಲೆಯೇ ಸಿಡಿಯದಷ್ಟು ಸುಸ್ಥಿತಿಯಲ್ಲಿ ಇದೆಯೇ ಎಂದು ನೋಡುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಎತ್ತಿದ್ದನ್ನು ನಾನು ಓದಿಲ್ಲ. ಸೇನೆಯ ಯಂತ್ರೋಪಕರಣಗಳ ದುರಸ್ತಿ ನೋಡಿಕೊಳ್ಳುವ ಇಎಂಇ ದಳದಲ್ಲಿ ಆರ್ಮರರ್ ಆಗಿ, ಅಂದರೆ ಶಸ್ತ್ರ ದುರಸ್ತಿಗಾರನಾಗಿ, 19 ವರ್ಷ ದುಡಿದು ಈಗ ಊರಿನಲ್ಲಿ ಹೊಲ ನೋಡಿಕೊಂಡಿರುವ ನನಗೆ ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲೇ ಎದುರಿಸಬೇಕಾಗಿ ಬಂತು.

ನಮ್ಮ ಕಾಕಾ ಅವರ ಬಳಿ .315 ಬೋರಿನ ಹಳೆಯ ಬೋಲ್ಟ್ ಆಕ್ಷನ್ ರೈಫಲ್ ಇದೆ. ಪರವಾನಗಿ ಸರಿಯಾಗಿದೆ, ನವೀಕರಣವೂ ತಪ್ಪಿಲ್ಲ. ಅದರ ಬೋಲ್ಟ್, ಅಂದರೆ ಕಾಡತೂಸನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ಅಗುಳಿ, ಬಿಗಿಯಾಯಿತೆಂದು ಒಂದು ಅಂಗಡಿಯಲ್ಲಿ ದುರಸ್ತಿಗೆ ಕೊಟ್ಟಿದ್ದರು. ಬಂದೂಕು ಮರಳಿ ಬಂದ ಮೇಲೆ ಬೋಲ್ಟ್ ಬೆಣ್ಣೆಯಂತೆ ಜಾರುತ್ತಿತ್ತು, ಎಲ್ಲರಿಗೂ ಸಂತೋಷವಾಯಿತು. ಕಬ್ಬಿನ ಗದ್ದೆಗೆ ನುಗ್ಗಿದ ಹಂದಿಗಳನ್ನು ಬೆದರಿಸಲು ಒಂದು ರಾತ್ರಿ ಹಾರಿಸಿದ ನಾಲ್ಕನೆಯ ಗುಂಡಿಗೆ ಕಾಡತೂಸಿನ ಹಿತ್ತಾಳೆ ಬುಡದ ಹತ್ತಿರ ಸುತ್ತಲೂ ಹರಿದು, ಬಿಸಿ ಅನಿಲ ಹಿಂದಕ್ಕೆ ನುಗ್ಗಿತು. ಅವರ ಬಲಗೆನ್ನೆ ಮತ್ತು ಹುಬ್ಬು ಸುಟ್ಟವು. ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು.

ಮರುದಿನ ನಾನು ಮೊದಲು ನೋಡಿದ್ದು ಅದಕ್ಕೂ ಮುಂಚೆ ಹಾರಿಸಿದ್ದ ಮೂರು ಖಾಲಿ ಕಾಡತೂಸುಗಳನ್ನು. ಬುಡದಿಂದ ಬೆರಳಿನ ಅರ್ಧ ಅಗಲದಷ್ಟು ಮೇಲೆ ಹಿತ್ತಾಳೆಯ ಸುತ್ತ ಹೊಳೆಯುವ ಒಂದು ತೆಳು ಗೆರೆ ಮೂರರಲ್ಲೂ ಇತ್ತು. ತುದಿ ಬಾಗಿಸಿದ ಸಣ್ಣ ತಂತಿಯನ್ನು ಒಳಗೆ ಇಳಿಸಿ ಗೋಡೆಗುಂಟ ಎಳೆದರೆ, ಅದೇ ಜಾಗದಲ್ಲಿ ತಂತಿಯ ಕೊಕ್ಕೆ ಒಂದು ತಗ್ಗಿಗೆ ಸಿಕ್ಕಿಕೊಳ್ಳುತ್ತಿತ್ತು. ಹಿತ್ತಾಳೆ ಅಲ್ಲಿ ಜಗ್ಗಿ ತೆಳುವಾಗಿದೆ, ಇನ್ನೊಂದು ಗುಂಡಿಗೆ ಹರಿಯುತ್ತದೆ ಎಂದು ಅದರ ಅರ್ಥ. ಆಮೇಲೆ ಬೋಲ್ಟಿನ ಹಿಡಿಕೆಯ ಹಿಂಬದಿಯಲ್ಲಿ ಕೊರೆದ ಸಂಖ್ಯೆಯನ್ನೂ ರಿಸೀವರಿನ (ಬೋಲ್ಟ್ ಕೂರುವ ಉಕ್ಕಿನ ಚೌಕಟ್ಟಿನ) ಮೇಲಿನ ಸಂಖ್ಯೆಯನ್ನೂ ಹೋಲಿಸಿದೆ. ಎರಡೂ ಬೇರೆ ಬೇರೆಯಾಗಿದ್ದವು. ದುರಸ್ತಿ ಮಾಡಿದವರು ಬೇರೊಂದು ಬಂದೂಕಿನ ಬೋಲ್ಟನ್ನು ಇದಕ್ಕೆ ಹಾಕಿ ಕಳಿಸಿದ್ದರು. ಹಾರಿಸಿರದ ಖಾಲಿ ಕಾಡತೂಸಿನ ಬುಡಕ್ಕೆ ತೆಳುವಾದ ಹಿತ್ತಾಳೆ ಹಾಳೆಯ ಚೂರುಗಳನ್ನು ಒಂದೊಂದಾಗಿ ಅಂಟಿಸಿ ಬೋಲ್ಟ್ ಮುಚ್ಚುತ್ತಾ ಹೋದಾಗ ಸುಮಾರು 20 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ), ಅಂದರೆ ಅರ್ಧ ಮಿಲಿಮೀಟರ್ ದಪ್ಪದವರೆಗೂ ಬೋಲ್ಟ್ ಸಲೀಸಾಗಿ ಮುಚ್ಚಿಕೊಂಡಿತು. ಬೋಲ್ಟಿಗೂ ಕಾಡತೂಸಿಗೂ ನಡುವೆ ಉಳಿದ ಅಷ್ಟು ಜಾಗವನ್ನು ತುಂಬಲು ಪ್ರತಿ ಗುಂಡಿಗೂ ಹಿತ್ತಾಳೆ ಜಗ್ಗುತ್ತಿತ್ತು.

ಅರ್ಧ ಮಿಲಿಮೀಟರಿನಿಂದ ಏನಾಗುತ್ತದೆ ಎಂದು ಊರಿನವರು ಕೇಳಿದರು. ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ ಚದರ ಇಂಚಿಗೆ ಸುಮಾರು 30 ಪೌಂಡ್ ಇರುತ್ತದೆ. ಬೇಟೆಗೆ ಹೊರದೇಶಗಳಲ್ಲಿ ಹೆಚ್ಚು ಬಳಸುವ .30-06 ಕಾಡತೂಸಿನ ಒತ್ತಡದ ಗರಿಷ್ಠ ಮಿತಿ 60,000 ಪೌಂಡ್, ಟೈರಿನ ಎರಡು ಸಾವಿರ ಪಟ್ಟು. ನಮ್ಮ .315 ಕಾಡತೂಸು ಅಷ್ಟು ಜೋರಿನದಲ್ಲವಾದರೂ, ಅದರ ಒತ್ತಡ ಮತ್ತು ಹಾರಿಸುವವನ ಕಣ್ಣಿನ ನಡುವೆ ಇರುವುದು ಹಿತ್ತಾಳೆಯ ತೆಳು ಗೋಡೆ ಮತ್ತು ಅದರ ಹಿಂದಿನ ಬೋಲ್ಟ್ ಮಾತ್ರ. ನಮ್ಮ ಕಡೆ ಹೆಚ್ಚಾಗಿ ಕಾಣುವ ಲೀ-ಎನ್‌ಫೀಲ್ಡ್ ಮಾದರಿಯ ಬಂದೂಕಿನಲ್ಲಿ ಬೋಲ್ಟನ್ನು ಹಿಡಿದಿಡುವ ಲಗ್‌ಗಳು, ಅಂದರೆ ಉಬ್ಬು ಹಲ್ಲುಗಳು, ಹಿಂಭಾಗದಲ್ಲಿವೆ. 1898ರ ಮೌಸರ್ ಮಾದರಿಯಲ್ಲಿ ಅವು ಮುಂಭಾಗದಲ್ಲಿ, ಕಾಡತೂಸು ಕೂರುವ ಚೇಂಬರಿನ ಬೆನ್ನಿಗೇ ಇವೆ. ಲಗ್ ಹಿಂದಿದ್ದಷ್ಟೂ ಗುಂಡು ಹಾರಿದ ಕ್ಷಣದಲ್ಲಿ ಬೋಲ್ಟು ಮತ್ತು ರಿಸೀವರ್ ಹೆಚ್ಚು ಮಣಿಯುತ್ತವೆ, ಹಿತ್ತಾಳೆಯೂ ಹೆಚ್ಚು ಜಗ್ಗುತ್ತದೆ. ಈ ಸಂದನ್ನು ಸರಿಹೊಂದಿಸಲು ಲೀ-ಎನ್‌ಫೀಲ್ಡಿನ ಬೋಲ್ಟ್ ತಲೆಯನ್ನು ಬಿಚ್ಚಿ ಬದಲಿಸಬಹುದು; ಅದರ ನಂ. 4 ಮಾದರಿಗೆ ಈ ತಲೆಗಳನ್ನು 0ಯಿಂದ 3ರವರೆಗೆ ಸಂಖ್ಯೆ ಕೊಟ್ಟು ಬೇರೆ ಬೇರೆ ಉದ್ದಗಳಲ್ಲಿ ತಯಾರಿಸಿದ್ದರು. ಸೇನೆಯ .303 ರೈಫಲ್ಲಿಗೆ ನಾವು ಬಳಸುತ್ತಿದ್ದ ನಿಯಮ ಬಹಳ ಸರಳ. ಕಾಡತೂಸಿನ ಜಾಗದಲ್ಲಿ ಇಟ್ಟು ನೋಡುವ ಅಳತೆಯ ಉಕ್ಕಿನ ಬಿಲ್ಲೆಯೇ ಗೇಜು. 0.064 ಇಂಚಿನ ಗೇಜಿನ ಮೇಲೆ ಬೋಲ್ಟ್ ಮುಚ್ಚಲೇಬೇಕು, 0.074 ಇಂಚಿನ ಗೇಜಿನ ಮೇಲೆ ಮುಚ್ಚಲೇಬಾರದು. ಬಂದೂಕು ಬದುಕಿರುವುದು ಆ 10 ಥೌ ನಡುವೆ. (.303ರ ಗೇಜನ್ನು .315ಕ್ಕೆ ಹಾಕಬಾರದು. ಕಾಡತೂಸಿನ ಅಂಚಿನ ದಪ್ಪ ಬೇರೆ, ಅದಕ್ಕೆ ಅದರದೇ ಗೇಜು ಬೇಕು.)

ಒಬ್ಬ ಒಳ್ಳೆಯ ಕಸುಬುದಾರ ಬೋಲ್ಟ್ ಆಕ್ಷನ್ ಬೇಟೆ ರೈಫಲ್ಲನ್ನು ಹೊಸದಾಗಿ ಕಟ್ಟುವಾಗ ಅವನ ದಿನಗಳು ಹೆಚ್ಚಾಗಿ ಕಳೆಯುವುದು ಇಂಥ ಅಳತೆಗಳಲ್ಲೇ. ಬೋಲ್ಟಿನ ಎರಡೂ ಲಗ್‌ಗಳಿಗೆ ನೀಲಿ ಬಣ್ಣ ಹಚ್ಚಿ ಮುಚ್ಚಿ ತೆಗೆದು, ಎರಡರ ಮೇಲೂ ಬಣ್ಣ ಸಮನಾಗಿ ಅಳಿಸಿದೆಯೇ ಎಂದು ನೋಡುತ್ತಾನೆ. ಒಂದೇ ಲಗ್ ಭಾರ ಹೊರುತ್ತಿದ್ದರೆ ಇನ್ನೊಂದು ಇದ್ದೂ ಇಲ್ಲದಂತೆ. ಚೇಂಬರನ್ನು ರೀಮರ್ ಎಂಬ ಕೊರೆಯುವ ಉಪಕರಣದಿಂದ ಕೊರೆಯುವಾಗ ಕೊನೆಯ ಕೆಲವು ಥೌ ಬಂದ ಮೇಲೆ ಪ್ರತಿ ಸಲವೂ ನಿಲ್ಲಿಸಿ, ಒರೆಸಿ, ಗೇಜು ಹಾಕಿ ನೋಡುತ್ತಾನೆ. ಬ್ಯಾರೆಲ್ ಮರದ ಹಿಡಿಗೆ ಎಲ್ಲಿಯೂ ತಾಗದಂತೆ ನಡುವೆ ಒಂದು ಕಾಗದ ಜಾರುವಷ್ಟು ಸಂದು ಬಿಡುತ್ತಾನೆ. ಖಾನಾಪುರದ ಮಳೆಗಾಲದಲ್ಲಿ ಉಬ್ಬುವ ಮರವು ವಿಜಯಪುರದ ಬೇಸಿಗೆಯಲ್ಲಿ ಕುಗ್ಗುತ್ತದೆ, ಮರ ಒತ್ತಿದರೆ ಗುಂಡು ಬೀಳುವ ಜಾಗ ಸರಿಯುತ್ತದೆ.

ಅಷ್ಟಾದರೂ ಆ ಬಂದೂಕನ್ನು ಅವನು ಮೊದಲ ಸಲ ಹೆಗಲಿಗೆ ಹಿಡಿದು ಹಾರಿಸುವುದಿಲ್ಲ. ಗಟ್ಟಿಯಾದ ಸ್ಟ್ಯಾಂಡಿಗೆ ಕಟ್ಟಿ, ಗೋಡೆಯ ಮರೆಯಲ್ಲಿ ನಿಂತು, ಉದ್ದನೆಯ ಹಗ್ಗದಿಂದ ಕುದುರೆ ಎಳೆಯುವುದು ಕ್ರಮ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಇದಕ್ಕೆಂದೇ 1813ರಲ್ಲಿ ಕಾನೂನಿನ ಮೂಲಕ ಪ್ರೂಫ್ ಹೌಸ್, ಅಂದರೆ ಬಂದೂಕು ಪರೀಕ್ಷಾ ಕೇಂದ್ರ, ಸ್ಥಾಪಿಸಿದರು. ಮಾಮೂಲಿಗಿಂತ ಹೆಚ್ಚಿನ ಒತ್ತಡದ ಕಾಡತೂಸು ಹಾರಿಸಿ, ಬಂದೂಕನ್ನು ಮತ್ತೆ ಅಳೆದು, ಅಳತೆ ಬದಲಾಗಿಲ್ಲದಿದ್ದರೆ ಮಾತ್ರ ಬ್ಯಾರೆಲಿನ ಮೇಲೆ ಮುದ್ರೆ ಒತ್ತುತ್ತಾರೆ. ಯುರೋಪಿನ ಹಲವು ದೇಶಗಳು ಇಂದು ಪಾಲಿಸುವ ನಿಯಮದ ಪ್ರಕಾರ ರೈಫಲ್ಲಿನ ಪರೀಕ್ಷೆಯ ಕಾಡತೂಸು ಗರಿಷ್ಠ ಒತ್ತಡಕ್ಕಿಂತ ಶೇ 25ರಷ್ಟು ಹೆಚ್ಚಿನದಾಗಿರಬೇಕು. ನಮ್ಮ ಕಡೆಯ ಹಳೆಯ ದೇಸಾಯಿ ವಾಡೆಗಳಲ್ಲಿ ಇರುವ ಎಷ್ಟೋ ಬಂದೂಕುಗಳ ಮೇಲೆ ಇಂಗ್ಲೆಂಡಿನ ಇಂಥ ಮುದ್ರೆಗಳನ್ನು ನಾನೇ ಕಂಡಿದ್ದೇನೆ. ಆದರೆ ಆ ಮುದ್ರೆ ಅಂದಿನ ಬೋಲ್ಟಿಗೂ ಅಂದಿನ ಬ್ಯಾರೆಲಿಗೂ ಕೊಟ್ಟ ಸಾಕ್ಷಿ. ಬೋಲ್ಟ್ ಬದಲಾದ ದಿನವೇ ಅದರ ಬೆಲೆ ಮುಗಿಯಿತು.

ಕಣ್ಣಂದಾಜು ಸಾಕು, ನಮ್ಮ ಹಿರಿಯರು ಗೇಜಿಲ್ಲದೆ ಬಂದೂಕು ಕಟ್ಟಲಿಲ್ಲವೇ ಎನ್ನುವವರಿಗೆ ಒಂದು ಸಂಗತಿ ಹೇಳಬೇಕು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ಮೊದಲ ಮಹಾಯುದ್ಧದ ಹೊತ್ತಿನವರೆಗೂ ರಿಸೀವರಿನ ಉಕ್ಕನ್ನು ಎಷ್ಟು ಕಾಯಿಸಬೇಕು ಎಂಬುದನ್ನು ಅನುಭವಿ ಕೆಲಸಗಾರರು ಕಾದ ಕಬ್ಬಿಣದ ಬಣ್ಣ ನೋಡಿ ನಿರ್ಧರಿಸುತ್ತಿದ್ದರು. 1917ರಲ್ಲಿ ಕೆಲವು ರೈಫಲ್ಲುಗಳು ಸಿಡಿದಾಗ ತನಿಖೆ ನಡೆಯಿತು. ಬಿಸಿಲು ಜೋರಾಗಿದ್ದ ದಿನ ಕಾದ ಉಕ್ಕು ಕಣ್ಣಿಗೆ ಮಂಕಾಗಿ ಕಾಣುತ್ತಿತ್ತು, ಹಾಗಾಗಿ ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಕಾಯಿಸಿ, ಗಾಜಿನಂತೆ ಪೆಡಸು ಮಾಡಿಬಿಟ್ಟಿದ್ದರು ಎಂದು ತಿಳಿದುಬಂತು. ಆ ಶಸ್ತ್ರಾಗಾರದ 8,00,000ಕ್ಕಿಂತ ಕಡಿಮೆ ಕ್ರಮಸಂಖ್ಯೆ ಇರುವ ಅಂದಿನ ರೈಫಲ್ಲುಗಳನ್ನು ಇಂದಿಗೂ ತಿಳಿದವರು ಹಾರಿಸುವುದಿಲ್ಲ. ಆ ಕೆಲಸಗಾರರು ಯಾರೂ ಅರೆಬರೆ ಕಸುಬಿನವರಾಗಿರಲಿಲ್ಲ. ಬೋಲ್ಟ್ ಆಕ್ಷನ್ನಿಗೆ ಇಂದಿನ ರೂಪ ಕೊಟ್ಟ ಪೌಲ್ ಮೌಸರ್ ಕೂಡ 1901ರಲ್ಲಿ ಹೊಸ ಸ್ವಯಂಚಾಲಿತ ರೈಫಲ್ಲೊಂದರ ಪರೀಕ್ಷೆಯಲ್ಲಿ ಒಂದು ಕಣ್ಣು ಕಳೆದುಕೊಂಡರು.

ನಮ್ಮ ಸೀಮೆಗೂ ಬಂದೂಕಿಗೂ ಇರುವ ನಂಟು ಹಳೆಯದು. ಆಯುಧ ಒಪ್ಪಿಸಿ ಎಂದ ಬ್ರಿಟಿಷರ ವಿರುದ್ಧ 1857ರಲ್ಲಿ ಮುಧೋಳದ ಹತ್ತಿರದ ಹಲಗಲಿಯ ಬೇಡರು ಪ್ರಾಣ ಕೊಟ್ಟ ನೆಲವಿದು. ಇವತ್ತಿನ ಕಾನೂನು ಏನು ಹೇಳುತ್ತದೆ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇಂದು ಬೇಟೆ ನಿಷಿದ್ಧ, ಬೆಳೆ ಹಾಳು ಮಾಡುವ ಪ್ರಾಣಿಯನ್ನೂ ಕಲಂ 11ರ ಅಡಿ ಲಿಖಿತ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಬಂದೂಕು ತಯಾರಿಕೆಗಷ್ಟೇ ಅಲ್ಲ, ಮಾರಾಟಕ್ಕೆ, ದುರಸ್ತಿಗೆ, ಪರೀಕ್ಷೆಗೆ ಕೂಡ ಪರವಾನಗಿ ಬೇಕು. ಹೀಗಿರುವಾಗ ಮನೆಯ ಲೇತಿನಲ್ಲಿ ರೈಫಲ್ ಕಟ್ಟುವ ಸಾಹಸ ಮಾಡುವ ಹುಡುಗರನ್ನು ನಾನು ಎಂದಿಗೂ ಪ್ರೋತ್ಸಾಹಿಸುವುದಿಲ್ಲ. ಅದು ಜೈಲಿನ ದಾರಿ, ಇಲ್ಲವೇ ಆಸ್ಪತ್ರೆಯ ದಾರಿ.

ಆದರೆ ಕಾನೂನು ಒಪ್ಪಿರುವ ಬಂದೂಕುಗಳು ಸಾವಿರಾರು ಮನೆಗಳಲ್ಲಿವೆ. ಪ್ರತಿ ಚುನಾವಣೆಗೂ ಅವು ಪೊಲೀಸ್ ಠಾಣೆಗಳಲ್ಲಿ ಠೇವಣಿಯಾಗಿ ವಾರಗಟ್ಟಲೆ ಇರುತ್ತವೆ. ಕಾಕಾ ಅವರ ಬಂದೂಕನ್ನೂ 2024ರ ಲೋಕಸಭಾ ಚುನಾವಣೆಯಲ್ಲಿ ಒಪ್ಪಿಸಲಾಗಿತ್ತು. ಪರವಾನಗಿ ಪುಸ್ತಕದಲ್ಲಿನ ಸಂಖ್ಯೆಯನ್ನೂ ರಿಸೀವರಿನ ಸಂಖ್ಯೆಯನ್ನೂ ತಾಳೆ ನೋಡಿ ರಸೀದಿ ಕೊಟ್ಟರು, ಬೋಲ್ಟನ್ನು ಯಾರೂ ತೆಗೆದು ನೋಡಲಿಲ್ಲ. ಅದೇ ದಿನಗಳಲ್ಲಿ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಆರ್ಮರರ್ ಒಬ್ಬರು ಠಾಣೆಯಿಂದ ಠಾಣೆಗೆ ಹೋಗಿ, ಬೋಲ್ಟಿನ ಸಂಖ್ಯೆ ನೋಡಿ, ಗೇಜು ಹಾಕಿ, ಬ್ಯಾರೆಲಿನೊಳಗೆ ದೀಪ ಬಿಟ್ಟು ನೋಡಿದರೆ ಒಂದು ಬಂದೂಕಿಗೆ ಹತ್ತು ನಿಮಿಷ ಸಾಕು. ಗುಂಡು ಹಾರಿಸುವ ಅಗತ್ಯವೂ ಇಲ್ಲ. ಪರವಾನಗಿಯ ಅವಧಿ 2019ರ ತಿದ್ದುಪಡಿಯ ನಂತರ 5 ವರ್ಷವಾಗಿರುವುದರಿಂದ, ನವೀಕರಣದ ಅರ್ಜಿಯ ಜೊತೆಗೂ ಈ ತಪಾಸಣೆಯ ಚೀಟಿಯನ್ನು ಕೇಳಬಹುದು. ಗೇಜು ಎಲ್ಲಿಂದ ತರುವುದು ಎಂಬ ಚಿಂತೆ ಬೆಳಗಾವಿಗೆ ಬರಬಾರದು. ಉದ್ಯಮಬಾಗದ ಕಾರ್ಖಾನೆಗಳಲ್ಲಿ ಹೈಡ್ರಾಲಿಕ್ ವಾಲ್ವುಗಳನ್ನು ಮೈಕ್ರಾನ್ ಲೆಕ್ಕದಲ್ಲಿ ಉಜ್ಜುವ ಹುಡುಗರಿದ್ದಾರೆ. ಗಟ್ಟಿ ಉಕ್ಕಿನ ಒಂದು ಬಿಲ್ಲೆಯನ್ನು ಹೇಳಿದ ದಪ್ಪಕ್ಕೆ ತರುವುದು ಅವರಿಗೆ ಅರ್ಧ ದಿನದ ಕೆಲಸ.

ಜಿಲ್ಲಾಧಿಕಾರಿಗಳು ಮತ್ತು ಪೊಲೀಸ್ ವರಿಷ್ಠಾಧಿಕಾರಿಗಳು ಖಾನಾಪುರ ತಾಲ್ಲೂಕಿನಲ್ಲಿ ಒಂದು ದಿನ ಇಂಥ ತಪಾಸಣೆ ಇಟ್ಟರೆ, ಪೊಲೀಸ್ ಆರ್ಮರರ್ ಅವರ ಪಕ್ಕದಲ್ಲಿ ಕೂತು ಸಂಜೆಯವರೆಗೆ ಸಹಾಯ ಮಾಡಲು ನಾನು ಸಿದ್ಧನಿದ್ದೇನೆ. ಅದಕ್ಕಾಗಿ ನನಗೆ ಏನೂ ಬೇಡ. ಅಲ್ಲಿಯವರೆಗೆ ಹಳೆಯ ಬೋಲ್ಟ್ ಬಂದೂಕು ಇಟ್ಟುಕೊಂಡಿರುವ ರೈತ ಬಾಂಧವರು ಇಷ್ಟು ಮಾಡಲಿ. ಬಂದೂಕು ಖಾಲಿಯಿದೆ ಎಂದು ಎರಡು ಸಲ ಖಾತ್ರಿ ಮಾಡಿಕೊಂಡು, ಬೋಲ್ಟಿನ ಹಿಡಿಕೆಯ ಸಂಖ್ಯೆಯನ್ನೂ ರಿಸೀವರಿನ ಸಂಖ್ಯೆಯನ್ನೂ ಹಗಲು ಬೆಳಕಿನಲ್ಲಿ ಓದಿ ನೋಡಲಿ. ಎರಡೂ ಒಂದೇ ಆಗಿರದಿದ್ದರೆ ಪರವಾನಗಿ ಪಡೆದ ಬಲ್ಲವರು ಅಳೆದು ಹೇಳುವವರೆಗೆ ಅದಕ್ಕೆ ಕಾಡತೂಸು ತುಂಬುವುದು ಬೇಡ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸೇನಾ ಆರ್ಮರರ್
ಖಾನಾಪುರ ತಾಲ್ಲೂಕು, ಬೆಳಗಾವಿ ಜಿಲ್ಲೆ