ಕೈ ನೋಡಿ ಕಲಿಯೋದು ಕಳ್ಳತನ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಈಗಿನ ಹುಡುಗ್ರು ಯೂಟ್ಯೂಬ್ ನೋಡ್ಕೊಂಡು ಗಿಟಾರ್ ಕಾಪಿ ಹೊಡೀತಾರೆ, ಸ್ವಂತದ್ದು ಏನೂ ಇಲ್ಲ ಅಂತ ಹೋದ ವಾರ ಓದುಗರೊಬ್ರು ಇಲ್ಲಿ ಬರ್ದಿದ್ರು. ಓದಿ ಬೇಜಾರಾಯ್ತು. ನಾನು ತೀರ್ಥಹಳ್ಳಿ ಕಡೆಯವನು, ಅಡಿಕೆ ತೋಟ ಇದೆ, ಆರು ವರ್ಷದಿಂದ ಫಿಂಗರ್‌ಸ್ಟೈಲ್ ಅಂತಾರಲ್ಲ, ಒಂದೊಂದು ಬೆರಳಿಗೆ ಒಂದೊಂದು ಕೆಲಸ ಕೊಟ್ಟು ನುಡಿಸೋದು, ಅದನ್ನ ಕಲೀತಾ ಇದೀನಿ. ಮೇಷ್ಟ್ರು ಅಂತ ಯಾರೂ ಇಲ್ಲ, ಬಂದಿದ್ದಷ್ಟೂ ಕಾಪಿ ಮಾಡೇ ಬಂದಿದ್ದು.

ಮೊದಲು ಹಿಡಿದಿದ್ದು ಅಮೆರಿಕದ ಗಿಟಾರ್ ವಾದಕ ಮಿಸಿಸಿಪ್ಪಿ ಜಾನ್ ಹರ್ಟ್ ಅವರನ್ನ. ಅವರೂ ಹೊಲದಲ್ಲಿ ದುಡಿದವರು. 1928ರಲ್ಲಿ ಒಂದಷ್ಟು ರೆಕಾರ್ಡ್ ಮಾಡಿ ಊರಿಗೆ ವಾಪಸ್ ಹೋದ್ರು, ಮತ್ತೆ ಅವರನ್ನ ಹುಡುಕ್ಕೊಂಡು ಜನ ಹೋಗಿದ್ದು 1963ರಲ್ಲಿ. ಆ ಹೆಬ್ಬೆರಳು ಕೇಳ್ಬೇಕು ನೀವು! ಸಿ ಕಾರ್ಡ್ (ಒಟ್ಟಿಗೆ ಹಿಡಿಯೋ ಸ್ವರಗಳ ಗುಂಪು) ಹಿಡಿದ್ರೆ ದಪ್ಪ ತಂತಿಗಳಲ್ಲಿ 5ನೇ ತಂತಿ, 4ನೇ ತಂತಿ, 5, 4 ಅಂತ ಒಂದೇ ಸಮ ನಡೀತಿರತ್ತೆ, ಸಣ್ಣ ತಂತಿಗಳಲ್ಲಿ ಉಳಿದ ಬೆರಳು ಹಾಡ್ತಿರತ್ತೆ, ಕೇಳೋರಿಗೆ ಇಬ್ಬರು ನುಡಿಸಿದ ಹಾಗೆ. ನಮ್ಮ ಯಕ್ಷಗಾನದ ಭಾಗವತರನ್ನ ನೋಡಿ, ಪದ ಎಲ್ಲಿಗೆ ಹೋದ್ರೂ ಕೈಯಲ್ಲಿರೋ ತಾಳ ಕದಲಲ್ಲ, ಹಾಗೇ ಇದು. ನನಗೆ ಅಷ್ಟಕ್ಕೇ ನಾಲ್ಕು ತಿಂಗಳು ಬೇಕಾಯ್ತು, ರಾಗ ಶುರುವಾದ ಕೂಡ್ಲೆ ಹೆಬ್ಬೆರಳು ಅದರ ಹಿಂದೇನೇ ಓಡ್ತಿತ್ತು, ವಿಡಿಯೋನ ಅರ್ಧ ಸ್ಪೀಡಿಗೆ ಇಟ್ಟು ಎರಡೆರಡು ಸೆಕೆಂಡು ನೋಡಿ ನೋಡಿ ನುಡಿಸ್ತಿದ್ದೆ.

ಆ ಮಳೆಗಾಲ ಕರೆಂಟ್ ಹೋಗಿ ಐದು ದಿನ ಬರ್ಲಿಲ್ಲ, ಫೋನೂ ಸತ್ತೋಯ್ತು, ನೆನಪಲ್ಲಿ ಇದ್ದಷ್ಟನ್ನೇ ನುಡಿಸ್ತಾ ಕೂತೆ. ಕರೆಂಟ್ ಬಂದ್ಮೇಲೆ ನೋಡಿದ್ರೆ ಒಂದು ಕಡೆ ನಾನು ನುಡಿಸ್ತಿದ್ದಿದ್ದು ಅವರ ಥರ ಇರಲೇ ಇಲ್ಲ, ಎರಡು ಸ್ವರ ಹಿಂದೆ ಮುಂದೆ ಆಗಿತ್ತು. ಆದ್ರೆ ಕೇಳಕ್ಕೆ ಚೆನ್ನಾಗಿತ್ತು. ಇವತ್ತಿಗೂ ಹಾಗೇ ನುಡಿಸ್ತೀನಿ.

ದೊಡ್ಡವರ ಕತೇನೂ ಇದೇ ಅಲ್ವಾ. 1939ರ ಸುಮಾರಿಗೆ ಅಮೆರಿಕದಲ್ಲಿ ಹದಿನೈದು ವರ್ಷದ ಹುಡುಗ ಚೆಟ್ ಆಟ್ಕಿನ್ಸ್ ರೇಡಿಯೋದಲ್ಲಿ ಮರ್ಲ್ ಟ್ರಾವಿಸ್ ಅನ್ನೋ ಗಿಟಾರ್ ವಾದಕರನ್ನ ಕೇಳಿ ಹಾಗೇ ನುಡಿಸ್ಬೇಕು ಅಂತ ಕೂತ. ಟ್ರಾವಿಸ್ ನುಡಿಸ್ತಿದ್ದಿದ್ದು ಹೆಬ್ಬೆರಳು ಮತ್ತು ತೋರುಬೆರಳಲ್ಲಿ, ಅಷ್ಟೇ. ರೇಡಿಯೋದಲ್ಲಿ ಕೈ ಕಾಣತ್ತಾ? ಇಷ್ಟೊಂದು ಸ್ವರ ಬರ್ಬೇಕಾದ್ರೆ ಇನ್ನೂ ಬೆರಳು ಇರ್ಬೇಕು ಅಂದ್ಕೊಂಡು ಈತ ಹೆಬ್ಬೆರಳಿನ ಜೊತೆ ಎರಡು ಮೂರು ಬೆರಳು ಪಳಗಿಸ್ಬಿಟ್ರು, ಅದೇ ಅವರ ಶೈಲಿ ಆಯ್ತು. ಮುಂದೆ ಆಸ್ಟ್ರೇಲಿಯಾದಲ್ಲಿ ಏಳು ವರ್ಷದ ಟಾಮಿ ಎಮಾನ್ಯುಯೆಲ್ ರೇಡಿಯೋದಲ್ಲಿ ಚೆಟ್ ಅವರನ್ನ ಕೇಳಿದ, ಅಲ್ಲಿಂದ ಅವರ ದಾರಿ ಶುರು. ಇವರಿಗೆಲ್ಲ ಸ್ವಂತದ್ದು ಇಲ್ಲ ಅಂತ ಹೇಳಕ್ಕಾಗತ್ತಾ?

ಅಡಿಕೆ ಸುಲಿಯೋ ಟೈಮಲ್ಲಿ ನನಗೆ ನಿಜವಾಗ್ಲೂ ಕಷ್ಟ. ಮೆಟ್ಟುಗತ್ತಿ ಮುಂದೆ ಕೂತ್ರೆ ಬಲಗೈ ಉಗುರು ಒಂದೂ ಉಳಿಯಲ್ಲ, ಉಗುರಿಲ್ದಿದ್ರೆ ನಾದ ಮಂಕು. ಟ್ರಾವಿಸ್, ಚೆಟ್ ಇಬ್ರೂ ಹೆಬ್ಬೆರಳಿಗೆ ಥಂಬ್ ಪಿಕ್ (ತಂತಿ ಮೀಟೋಕೆ ಉಂಗುರದ ಹಾಗೆ ಹಾಕ್ಕೊಳ್ಳೋದು) ಹಾಕ್ತಿದ್ರು ಅಂತ ನೋಡಿ ನಾನೂ ತರಿಸ್ದೆ. ಇದೂ ಕಾಪೀನೇ, ನನ್ನ ಡಿಸೆಂಬರ್ ಉಳಿಸಿದೆ.

ನಿಮ್ಮಲ್ಲಿ ಒಂದೇ ಕೇಳ್ಕೊಳ್ಳೋದು. ಶಿವಮೊಗ್ಗದಲ್ಲಿ ಗಿಟಾರ್ ಆಗ್ಲಿ ವೀಣೆ ಆಗ್ಲಿ ಕಾರ್ಯಕ್ರಮ ಇದ್ರೆ ಮುಗಿದ ಮಾರನೇ ದಿನ ಫೋಟೋ ಬರತ್ತೆ. ಎರಡು ದಿನ ಮುಂಚೆ ನಾಲ್ಕು ಸಾಲು ಹಾಕಿ ಸಾರ್, ಎಷ್ಟೊತ್ತಿಗೆ ಮುಗಿಯತ್ತೆ ಅಂತಾನೂ ಹಾಕಿ. ಮುಂದಿನ ಸಾಲಲ್ಲಿ ಕೂತು ಕೈ ನೋಡಿ, ಕೊನೇ ಬಸ್ಸಿಗೆ ವಾಪಸ್ ಬರೋ ಹಾಗಿದ್ರೆ ನಮ್ಮ ಕಡೆಯಿಂದ ಮೂರು ಜನ ರೆಡಿ ಇದೀವಿ.

– ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು