ನಾಯಿ ತರುತ್ತೇನೆ ಅಂದ ಮಗಳಿಗೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು, 'ಅಮ್ಮ, ಮನಸ್ಸಿಗೆ ಆಸರೆಗೆ ಒಂದು ನಾಯಿ ತರಬೇಕು ಅಂತಿದ್ದೇನೆ, ಬಾಡಿಗೆ ಮನೆಯಲ್ಲಿ ಇಟ್ಟುಕೊಳ್ಳೋಕೆ ಥೆರಪಿಸ್ಟ್ ಪತ್ರ ಬರೆದುಕೊಡ್ತಾರೆ' ಅಂದೆ. 'ಅದರಲ್ಲಿ ಕಾಯಿಲೆ ಅಂತ ಬರೀತಾರಾ? ಯಾರಾದರೂ ನೋಡಿದರೆ?' ಅಂತ ಕೇಳಿಬಿಟ್ಟೆ. ನೀನು ಸುಮ್ಮನಾದೆ. ನಡುರಾತ್ರಿ ಎದೆ ಹೊಡೆದುಕೊಂಡು ಎದ್ದು ಕೂರುವವಳು ನೀನು. ನಾನು ಜನರ ಬಗ್ಗೆ ಯೋಚಿಸಿದೆ. ತಪ್ಪಾಯಿತು ಮಗಳೇ.

ಆಮೇಲೆ ನಿನ್ನ ಅಜ್ಜಿ ನೆನಪಾದರು. ಅಜ್ಜ ತೀರಿಕೊಂಡಾಗ ನಿನಗೆ ಮೂರು ವರ್ಷ. ಅಜ್ಜಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದರು. ಊಟ ಬೇಡ, ಸ್ನಾನ ಬೇಡ. ನಾವು ಎಷ್ಟು ಕರೆದರೂ ಏಳುತ್ತಿರಲಿಲ್ಲ. ಕೊಟ್ಟಿಗೆಯಿಂದ ಗೌರಿ ಕೂಗಿದರೆ ಮಾತ್ರ ಏಳುತ್ತಿದ್ದರು. ಅದು ಬೇರೆ ಯಾರ ಕೈಗೂ ಹಾಲು ಕೊಡುತ್ತಿರಲಿಲ್ಲ ನೋಡು. ಅಕ್ಕಚ್ಚು ಇಟ್ಟು, ಹಾಲು ಕರೆದು, ಅದರ ಗಂಗೆದೊಗಲು ಸವರುತ್ತಾ ನಿಂತುಬಿಡುತ್ತಿದ್ದರು. ನಮ್ಮ ಹತ್ತಿರ ಆಡದ ಮಾತೆಲ್ಲ ಅದರ ಹತ್ತಿರ. 'ಸಾಕು, ಅಳಬೇಡಿ' ಅಂತ ಗೌರಿ ಹೇಳುತ್ತಿರಲಿಲ್ಲ. ನಾವೆಲ್ಲ ಹೇಳುತ್ತಿದ್ದದ್ದು ಅದೊಂದೇ.

ನಿನಗೆ ಹೇಳದ ವಿಷಯವೂ ಒಂದಿದೆ. ಮೂರು ತಿಂಗಳಾದರೂ ರಾತ್ರಿ ನಿದ್ದೆ ಬಾರದಿದ್ದಾಗ ಅಪ್ಪ ಅಜ್ಜಿಯನ್ನು ಮನೋವೈದ್ಯರ ಹತ್ತಿರ ಕರೆದೊಯ್ದರು. ಒಂದು ವರ್ಷ ಮಾತ್ರೆ ನಡೆಯಿತು. ಊರವರಿಗೆ ಬಿಪಿ ಮಾತ್ರೆ ಅಂದಿದ್ದೆವು. ಹಾಸಿಗೆಯಿಂದ ಎಬ್ಬಿಸಿದ್ದು ಗೌರಿ, ನಿದ್ದೆ ತಂದಿದ್ದು ಮಾತ್ರೆ. ಅದಕ್ಕೇ ಹೇಳುತ್ತಿದ್ದೇನೆ, ನಾಯಿ ಬಂತು ಅಂತ ನಿನ್ನ ಮಾತ್ರೆಯನ್ನಾಗಲಿ ಥೆರಪಿಯನ್ನಾಗಲಿ ನೀನಾಗಿಯೇ ಬಿಡಬೇಡ.

ನೀನು ಕಳಿಸಿದ್ದನ್ನೆಲ್ಲ ಕೂತು ಓದಿದೆ. ರೂಮ್‌ಮೇಟ್ ಹೇಳಿದ ಆ ವೆಬ್‌ಸೈಟ್ ಬೇಡ. ದುಡ್ಡು ಕಟ್ಟಿದರೆ ಸರ್ಟಿಫಿಕೇಟು, ನಾಯಿಗೊಂದು ಜಾಕೆಟ್ಟು. ಹೀಗೆ ಜೊತೆಗಿದ್ದು ಮನಸ್ಸಿಗೆ ಆಸರೆಯಾಗುವ ಎಮೋಷನಲ್ ಸಪೋರ್ಟ್ ನಾಯಿಗಳನ್ನು ನೋಂದಾಯಿಸುವ ಸರ್ಕಾರಿ ಪಟ್ಟಿಯೇ ಅಮೆರಿಕದಲ್ಲಿ ಇಲ್ಲ. ನಿಮ್ಮ ಕ್ಯಾಲಿಫೋರ್ನಿಯಾದಲ್ಲಂತೂ 2022ರಿಂದ ಕಾನೂನೇ ಇದೆ. ಪತ್ರ ಕೊಡುವ ಮೊದಲು ಲೈಸೆನ್ಸ್ ಇರುವ ವೈದ್ಯರೋ ಥೆರಪಿಸ್ಟೋ ನಿನ್ನನ್ನು ಕನಿಷ್ಠ 30 ದಿನ ನೋಡಿರಬೇಕು. ನೀನು ಆಗಸ್ಟ್‌ನಿಂದ ಹೋಗುತ್ತಿದ್ದೀಯಲ್ಲ, ಅವರ ಪತ್ರವೇ ಸಾಕು. ಅದಿದ್ದರೆ ಮನೆ ಮಾಲೀಕರು ಸಾಕುಪ್ರಾಣಿ ಅಂತ ಹೆಚ್ಚಿನ ಡಿಪಾಸಿಟ್ ಕೇಳುವಂತಿಲ್ಲ. ನಾಯಿ ಬಾಗಿಲು ಕಚ್ಚಿ ಹಾಳುಮಾಡಿದರೆ ಖರ್ಚು ಮಾತ್ರ ನಿನ್ನದೇ.

ಇದು ಸರ್ವಿಸ್ ನಾಯಿ ಅಲ್ಲ ಅನ್ನೋದು ನೆನಪಿರಲಿ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗೆ, ಪ್ಯಾನಿಕ್ ಶುರುವಾಗುವುದನ್ನು ಗುರುತಿಸಿ ತಡೆಯುವ ನಾಯಿಗೆ ಅದಕ್ಕೆಂದೇ ತರಬೇತಿ ಇರುತ್ತದೆ. ಅವು ಅಂಗಡಿಗೆ, ಕ್ಲಾಸಿಗೆ ಹೋಗಬಹುದು. ನಿನ್ನದಕ್ಕೆ ಆ ಹಕ್ಕಿಲ್ಲ. 2021ರ ಜನವರಿಯಿಂದ ವಿಮಾನದವರೂ ಇಂಥ ನಾಯಿಯನ್ನು ಸಾಮಾನ್ಯ ಸಾಕುಪ್ರಾಣಿಯ ಹಾಗೇ ನೋಡಬಹುದು. ಸುಳ್ಳು ಕಾಗದ ತೋರಿಸಿದರೆ ನಿಜವಾಗಿ ಬೇಕಾದವರನ್ನೂ ಜನ ಅನುಮಾನದಿಂದ ನೋಡುತ್ತಾರೆ, ಅಲ್ವಾ? ನನಗೆ ಅದು ಜಾಸ್ತಿ ಬೇಜಾರು.

ನಾಯಿಯ ಕಡೆಯಿಂದಲೂ ಯೋಚಿಸು. ಅದಕ್ಕೂ ಭಯ ಇರುತ್ತದೆ, ಒಂಟಿತನ ಇರುತ್ತದೆ. ಪರೀಕ್ಷೆಯ ವಾರ ಹತ್ತು ಗಂಟೆ ಲೈಬ್ರರಿಯಲ್ಲಿದ್ದರೆ ಅದನ್ನು ಹೊರಗೆ ಕರೆದುಕೊಂಡು ಹೋಗುವವರು ಯಾರು? ಮರಿ ಬೇಡ ಅನಿಸುತ್ತದೆ, ಮರಿಗೆ ನೀನೇ ರಾತ್ರಿಯೆಲ್ಲ ಎದ್ದಿರಬೇಕಾಗುತ್ತದೆ. ಮನೆಯಿಲ್ಲದ ನಾಯಿಗಳನ್ನು ನೋಡಿಕೊಳ್ಳುವ ಶೆಲ್ಟರ್‌ನಲ್ಲಿ ವಯಸ್ಸಾದ, ಸಮಾಧಾನದ ನಾಯಿಗಳು ಇರುತ್ತವೆ. ಅವನ್ನು ಕೇಳುವವರೂ ಕಡಿಮೆ. ಅಂಥದೊಂದನ್ನು ನೋಡು. ಒಂದೇ ಸಲ ನೋಡಿ ತರಬೇಡ, ಎರಡು ಮೂರು ಸಲ ಹೋಗಿ ಅದರ ಪಕ್ಕ ಕೂತು ಬಾ.

ಬಣ್ಣ ಯಾವುದು, ಎಷ್ಟು ದೊಡ್ಡದು ಅಂತ ಅಪ್ಪ ಆಗಲೇ ಎರಡು ಸಲ ಕೇಳಿದರು. ಶನಿವಾರ ಶೆಲ್ಟರ್‌ಗೆ ಹೋದಾಗ ವಿಡಿಯೊ ಕಾಲ್ ಮಾಡು. ಇಲ್ಲಿ ನಡುರಾತ್ರಿ ಆಗಿರುತ್ತದೆ, ಪರವಾಗಿಲ್ಲ. ಎದ್ದಿರುತ್ತೇನೆ.

ನಿನ್ನ
ಅಮ್ಮ