ಕೋಳಿಗಳ ಮೇವಿನಿಂದ ಆ್ಯಂಟಿಬಯೋಟಿಕ್ ತೆಗೆಯುತ್ತಿದ್ದೇವೆ: ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಮ್ಮ ಸಹಕಾರ ಸಂಘದ ಯಾವ ಸದಸ್ಯರೂ ಕೋಳಿಗಳ ಮೇವಿಗಾಗಲಿ ನೀರಿಗಾಗಲಿ ದಿನಾ ಆ್ಯಂಟಿಬಯೋಟಿಕ್ ಬೆರೆಸುವುದಿಲ್ಲ. ಕಾಯಿಲೆ ಬಿದ್ದರೆ ಮಾತ್ರ ಔಷಧಿ, ಅದೂ ಪಶುವೈದ್ಯರು ನೋಡಿ ಬರೆದುಕೊಟ್ಟ ಮೇಲೆ. ಇದರಿಂದ ನಿಮಗೆ ಸಿಗುವ ಮೊಟ್ಟೆ, ಮಾಂಸದಲ್ಲಿ ಕೆಲವು ವ್ಯತ್ಯಾಸಗಳಾಗುತ್ತವೆ. ಯಾಕೆ ಅಂತ ಹೇಳದೆ ಸುಮ್ನೆ ಬದಲಾಯಿಸಿದರೆ ಸರಿ ಅಲ್ಲ ಅಲ್ವಾ? ಅದಕ್ಕೇ ಈ ಪತ್ರ.

ಈ ಮಾತು ಬಂದಾಗ ನೀವು ಹೆಚ್ಚಾಗಿ ಕೇಳುವುದು, "ಮಾಂಸದಲ್ಲಿ ಔಷಧಿ ಉಳಿದಿರುತ್ತಾ?" ಎಂದು. ಅದಕ್ಕೆ ಒಂದು ಕ್ರಮ ಇದೆ. ಔಷಧಿ ಕೊಟ್ಟ ಮೇಲೆ ಇಂತಿಷ್ಟು ದಿನ ಕಾಯಬೇಕು, ಅಲ್ಲಿಯವರೆಗೆ ಆ ಕೋಳಿಯ ಮೊಟ್ಟೆ, ಮಾಂಸ ಮಾರುವಂತಿಲ್ಲ. ಆ ಕ್ರಮ ಮುಂದೆಯೂ ಇರುತ್ತದೆ. ಆದರೆ ನಮ್ಮ ತಲೆ ತಿನ್ನುತ್ತಿರುವುದು ಉಳಿದ ಔಷಧಿ ಅಲ್ಲ, ಆ ಔಷಧಿಗೂ ಸಾಯದೆ ಉಳಿದ ಬ್ಯಾಕ್ಟೀರಿಯಾ.

ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಕೋಳಿಯ ಕರುಳಿನಲ್ಲಿ ಆರಾಮಾಗಿ ಇರುತ್ತದೆ. ಕೋಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅದೇ ಮನುಷ್ಯನ ಹೊಟ್ಟೆ ಸೇರಿದರೆ ಭೇದಿ, ಜ್ವರ, ಹೊಟ್ಟೆನೋವು. ಸಾಲ್ಮೊನೆಲ್ಲಾ ಕತೆಯೂ ಹತ್ತಿರಹತ್ತಿರ ಹೀಗೇ. ಅದರ ಒಂದು ಬಗೆ ಕೋಳಿಯ ಅಂಡಾಶಯಕ್ಕೇ ಇಳಿದು, ಮೊಟ್ಟೆಯ ಚಿಪ್ಪು ಕಟ್ಟುವ ಮೊದಲೇ ಒಳಗೆ ಸೇರಿಬಿಡುತ್ತದೆ. ಹೆಚ್ಚಿನವರು ಔಷಧಿ ಇಲ್ಲದೆಯೇ ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಚಿಕ್ಕ ಮಕ್ಕಳು, ವಯಸ್ಸಾದವರು, ಬೇರೆ ಕಾಯಿಲೆಯಿಂದ ಸೊರಗಿದವರ ವಿಷಯ ಹಾಗಲ್ಲ. ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಆ್ಯಂಟಿಬಯೋಟಿಕ್ ಬೇಕೇ ಬೇಕು. ಆಗ ಅದು ಕೆಲಸ ಮಾಡದಿದ್ದರೆ?

ಕಡಿಮೆ ಪ್ರಮಾಣದಲ್ಲಿ ಆ್ಯಂಟಿಬಯೋಟಿಕ್ ತಿಂದ ಕೋಳಿ ಬೇಗ ತೂಕ ಬರುತ್ತದೆ ಎಂದು 1940ರ ದಶಕದ ಕೊನೆಯಲ್ಲೇ ಗೊತ್ತಾಗಿತ್ತು. ಆಮೇಲೆ ಅದು ಸಾಕಣೆಯಲ್ಲಿ ರೂಢಿಯಾಯಿತು. ತೊಂದರೆ ಇರುವುದೂ ಆ "ಕಡಿಮೆ ಪ್ರಮಾಣ"ದಲ್ಲೇ. ದಿನಾ ಸ್ವಲ್ಪ ಸ್ವಲ್ಪ ಔಷಧಿ ಸಿಕ್ಕಾಗ ಸಾಧು ಬ್ಯಾಕ್ಟೀರಿಯಾಗಳು ಸಾಯುತ್ತವೆ, ಗಟ್ಟಿಗವು ಉಳಿದು ಮರಿ ಹಾಕುತ್ತವೆ. ಮರಿ ಮಾತ್ರವಲ್ಲ, ಔಷಧಿಗೆ ಬಗ್ಗದಿರುವ ಗುಟ್ಟು ಇರುವ, ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್ಎ ಉಂಗುರವನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೂ ಕೊಡುತ್ತವೆ. ಪರೀಕ್ಷೆಯಲ್ಲಿ ಚೀಟಿ ದಾಟಿಸಿದ ಹಾಗೆ. ಬೇರೆ ಜಾತಿಯ ಬ್ಯಾಕ್ಟೀರಿಯಾ ಆದರೂ ಪರವಾಗಿಲ್ಲ, ಚೀಟಿ ಓದಲು ಅದಕ್ಕೂ ಬರುತ್ತದೆ.

ಕೊಲಿಸ್ಟಿನ್ ಕತೆ ನಮ್ಮ ಸಭೆಯಲ್ಲಿ ಎಲ್ಲರಿಗಿಂತ ಜಾಸ್ತಿ ಮಾತಾಡಿತು ಎನ್ನಬಹುದು. ಬೇರೇನೂ ಕೆಲಸ ಮಾಡದಾಗ ಆಸ್ಪತ್ರೆಗಳಲ್ಲಿ ಕೊನೆಗೆ ಕೊಡುವ ಔಷಧಿ ಅದು. ಅದನ್ನೇ ಹಂದಿ, ಕೋಳಿಗಳ ಮೇವಿಗೂ ಹಾಕುತ್ತಿದ್ದರು. ಕೊಲಿಸ್ಟಿನ್‌ಗೆ ಬಗ್ಗದಂತೆ ಮಾಡುವ ಎಂಸಿಆರ್-1 ಎಂಬ ಜೀನ್ ಪ್ಲಾಸ್ಮಿಡ್ ಮೇಲೆ ಓಡಾಡುತ್ತಿದೆ ಎಂದು 2015ರಲ್ಲಿ ಚೀನಾದ ವಿಜ್ಞಾನಿಗಳು ವರದಿ ಮಾಡಿದರು. ಹಂದಿಗಳಲ್ಲಿ, ಹಸಿ ಮಾಂಸದಲ್ಲಿ, ಆಸ್ಪತ್ರೆಯ ರೋಗಿಗಳಲ್ಲಿ, ಮೂರೂ ಕಡೆ ಅದು ಸಿಕ್ಕಿತ್ತು. 2017ರಲ್ಲಿ ಚೀನಾ ಬೆಳವಣಿಗೆಗಾಗಿ ಮೇವಿಗೆ ಕೊಲಿಸ್ಟಿನ್ ಹಾಕುವುದನ್ನು ನಿಲ್ಲಿಸಿತು. ಆಮೇಲೆ ಪ್ರಾಣಿಗಳಲ್ಲೂ ಮನುಷ್ಯರಲ್ಲೂ ಅಂಥ ಬ್ಯಾಕ್ಟೀರಿಯಾ ಕಡಿಮೆಯಾದವು. ಅಂದರೆ ನಿಲ್ಲಿಸಿದರೆ ಪ್ರಯೋಜನ ಇದೆ. ಸ್ವೀಡನ್ 1986ರಲ್ಲೇ ಬೆಳವಣಿಗೆಗೆ ಆ್ಯಂಟಿಬಯೋಟಿಕ್ ಕೊಡುವುದನ್ನು ನಿಷೇಧಿಸಿತ್ತು, ಯುರೋಪಿಯನ್ ಒಕ್ಕೂಟ ಪೂರ್ತಿಯಾಗಿ 2006ರಲ್ಲಿ.

ಔಷಧಿ ತೆಗೆದ ಜಾಗದಲ್ಲಿ ಏನಾದರೂ ಇರಬೇಕಲ್ಲ. ಒಂದು ಶೆಡ್‌ನಲ್ಲಿ ಸಾಕುವ ಕೋಳಿಗಳ ಸಂಖ್ಯೆ ಇಳಿಸುತ್ತಿದ್ದೇವೆ. ನೆಲದ ಹಾಸು ಒಣಗಿರುವಂತೆ, ಗಾಳಿ ಆಡುವಂತೆ ನೋಡಿಕೊಳ್ಳುತ್ತೇವೆ. ಮೊಟ್ಟೆ ಕೋಳಿಗಳಿಗೆ ಸಾಲ್ಮೊನೆಲ್ಲಾ ಲಸಿಕೆ ಹಾಕಿಸುತ್ತೇವೆ. ಒಂದು ತಂಡ ಹೋದ ಮೇಲೆ ಶೆಡ್ ತೊಳೆದು, ಕೆಲವು ದಿನ ಖಾಲಿ ಬಿಟ್ಟು ಆಮೇಲೆ ಹೊಸ ಮರಿ. ಕೆಲಸ ಜಾಸ್ತಿ, ಖರ್ಚೂ ಜಾಸ್ತಿ.

ಹಾಗಾಗಿ ಕೋಳಿ ಸ್ವಲ್ಪ ಚಿಕ್ಕದಾಗಿರಬಹುದು. ಕೆಲವು ವಾರ ಮೊಟ್ಟೆ ಕಡಿಮೆ ಬರಬಹುದು, ಯಾವುದಾದರೂ ಶೆಡ್‌ನಲ್ಲಿ ಚಿಕಿತ್ಸೆ ನಡೆದಿದ್ದರೆ ಇನ್ನೂ ಕಡಿಮೆ. ಬೆಲೆಯೂ ಒಂದಿಷ್ಟು ಏರುತ್ತದೆ. ಹೊಸ ದರಪಟ್ಟಿ ಬೇರೆಯಾಗಿ ಕಳಿಸುತ್ತೇವೆ.

"ಆ್ಯಂಟಿಬಯೋಟಿಕ್ ಇಲ್ಲದ ಕೋಳಿ" ಎಂದು ಪ್ಯಾಕೆಟ್ ಮೇಲೆ ಬರೆಯಿರಿ, ಚೆನ್ನಾಗಿ ಮಾರಾಟ ಆಗುತ್ತದೆ ಎಂದು ಕೆಲವರು ಹೇಳಿದರು. ಬರೆಯುವುದಿಲ್ಲ. ಕಾಯಿಲೆ ಬಿದ್ದ ಕೋಳಿಗೆ ಚಿಕಿತ್ಸೆ ಕೊಡದೆ ನರಳಲು ಬಿಡುವುದು ನಮಗೆ ಒಪ್ಪಿಗೆ ಇಲ್ಲ. ಇನ್ನೊಂದು ಕಾರಣ, ಆ ಹೆಸರು ನೋಡಿದವರು ಬ್ಯಾಕ್ಟೀರಿಯಾನೇ ಇಲ್ಲ ಅಂದುಕೊಳ್ಳುತ್ತಾರೆ. ಹಾಗಲ್ಲ. ನಮ್ಮ ಮಾಂಸವೂ ಹಸಿ ಮಾಂಸವೇ. ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೇಯಿಸಿ. ಫ್ರೀಜರ್‌ನಲ್ಲಿ ಇಟ್ಟರೆ ಈ ಬ್ಯಾಕ್ಟೀರಿಯಾ ಪೂರ್ತಿ ಸಾಯುವುದಿಲ್ಲ. ಹಸಿ ಮಾಂಸವನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ಹನಿಗಳು ಸಿಡಿದು ಸುತ್ತಲಿನ ಪಾತ್ರೆಗಳಿಗೆ ಹತ್ತುತ್ತವೆ. ಮಾಂಸ ಕತ್ತರಿಸಿದ ಮಣೆ, ಚಾಕುವನ್ನು ಸೋಪಿನಿಂದ ತೊಳೆಯದೆ ತರಕಾರಿಗೆ ಬಳಸಬೇಡಿ. ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದೇ ಇರಬಹುದು, ಬೆಂಕಿಗೆ ಬಗ್ಗುತ್ತದೆ.

ಯಾವ ಶೆಡ್‌ಗೆ, ಯಾವಾಗ, ಯಾವ ಔಷಧಿ, ಯಾಕೆ ಎಂಬುದನ್ನೆಲ್ಲ ಇನ್ನು ಮೇಲೆ ಒಂದೇ ಪುಸ್ತಕದಲ್ಲಿ ಬರೆದಿಡುತ್ತೇವೆ. ನೋಡಬೇಕು ಅನಿಸಿದರೆ ಕಚೇರಿಗೆ ಬಂದು ಕೇಳಿ, ತೋರಿಸುತ್ತೇವೆ. ವಾರದ ಆರ್ಡರ್ ಬದಲಾಯಿಸಬೇಕಾದವರು ಈ ತಿಂಗಳು ಮುಗಿಯುವುದರೊಳಗೆ ತಿಳಿಸಿ.

ಇಂತಿ,
ಸಂಘದ ಎಲ್ಲ ಸದಸ್ಯರ ಪರವಾಗಿ,
ಕಾರ್ಯದರ್ಶಿ